ನಾಯಿ ಕುರೀನ ಕಚ್ಚಲ್ವಾ?

ಕಡೂರು ಬಸ್‌ಸ್ಟ್ಯಾಂಡಲ್ಲಿ, ಗೊಬ್ಬರದ ಅಂಗಡಿಯಲ್ಲಿ, ಮದುವೆ ಊಟಕ್ಕೆ ಕೂತಾಗ, ಎಲ್ಲಿ ಹೋದರೂ ಇದೇ ಪ್ರಶ್ನೆ. "ಅಕ್ಕ, ನಾಯೀನ ಕುರಿ ಮಂದೇಗೆ ಬಿಡ್ತೀರಂತಲ್ಲ, ಕಚ್ಚಲ್ವಾ?" ಉತ್ತರ ಹೇಳಲು ಶುರು ಮಾಡುವ ಹೊತ್ತಿಗೆ ಕೇಳಿದವರು ಪಲ್ಯ ಬಡಿಸುವವನ ಕಡೆ ತಿರುಗಿರುತ್ತಾರೆ. ಬಾಯಲ್ಲಿ ಹೇಳಿ ಸಾಕಾಗಿದೆ. ಇಲ್ಲಿ ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಕಚ್ಚಬಹುದು. ಹಲ್ಲಿರುವ ಪ್ರಾಣಿ ಅದು. ಕಚ್ಚುವ ಸಂದರ್ಭವೇ ಬಾರದಂತೆ ನೋಡಿಕೊಳ್ಳುವುದು ನನ್ನ ಕೆಲಸ.

ಮಂದೆ ನಡೆಸುವ ನಮ್ಮ ನಾಯಿ ಚುಕ್ಕಿ, ಬಾರ್ಡರ್ ಕಾಲಿ ಜಾತಿಯ ಹೆಣ್ಣು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ಗಡಿಯ ಕುರಿಗಾಹಿಗಳು ಬೆಳೆಸಿದ ತಳಿ. ತೋಳ ಬೇಟೆಯಾಡುವಾಗ ಮೊದಲು ದಿಟ್ಟಿಸುತ್ತದೆ, ಹೊಂಚುತ್ತದೆ, ಅಟ್ಟುತ್ತದೆ, ಆಮೇಲೆ ಹಿಡಿದು ಕೊಲ್ಲುತ್ತದೆ. ಈ ನಾಯಿಗಳಲ್ಲಿ ಮೊದಲಿನ ಮೂರು ಗಟ್ಟಿಯಾಗಿ ಉಳಿದಿವೆ. ಕೊನೆಯದು ತಲೆಮಾರುಗಳ ಆಯ್ಕೆಯಿಂದ ಸಪ್ಪೆಯಾಗಿದೆ, ಪೂರ್ತಿ ಹೋಗಿಲ್ಲ. 1893ರಲ್ಲಿ ನಾರ್ಥಂಬರ್ಲೆಂಡಿನಲ್ಲಿ ಹುಟ್ಟಿದ ಓಲ್ಡ್ ಹೆಂಪ್ ಎಂಬ ಗಂಡು ನಾಯಿ ಬೊಗಳದೆ, ಗಲಾಟೆ ಮಾಡದೆ, ಬರೀ ನೋಟದಿಂದ ಮಂದೆ ನಡೆಸುತ್ತಿತ್ತಂತೆ. ಇವತ್ತಿನ ಬಾರ್ಡರ್ ಕಾಲಿಗಳ ವಂಶ ಹುಡುಕುತ್ತಾ ಹೋದರೆ ಅದರ ಹತ್ತಿರಕ್ಕೇ ಬರುತ್ತದೆ.

"ನಮ್ಮ ನಾಟಿ ನಾಯಿ ಏನು ಕಮ್ಮಿ?" ಅಂತಲೂ ಕೇಳುತ್ತಾರೆ. ಏನೂ ಕಮ್ಮಿ ಇಲ್ಲ. ನಮ್ಮ ಕಡೆ ಕುರಿಯವರ ನಾಯಿ ರಾತ್ರಿಯೆಲ್ಲಾ ಮಂದೆಯ ಪಕ್ಕ ಮಲಗಿ ಚಿರತೆ, ತೋಳಕ್ಕೆ ಎದುರು ನಿಲ್ಲುತ್ತದೆ. ಚುಕ್ಕಿಗೆ ಅದು ಆಗದು. ಅದು ಕಾವಲು, ಇದು ನಡೆಸುವುದು. ಎರಡೂ ಬೇರೆ ಬೇರೆ ಕೆಲಸ.

ಮರಿ ನಾಯಿಯನ್ನು ಕುರಿಗೆ ಬಿಡಬಾರದು. ಕುರಿಗಿಂತ ಜೋರಾಗಿ ಓಡಲು ಬರಬೇಕು. ಅಂದರೆ ಎಂಟು ತಿಂಗಳಿಂದ ಒಂದು ವರ್ಷದವರೆಗೆ ಕಾಯಬೇಕು. ಆಮೇಲೆ ಚಿಕ್ಕ ಬೇಲಿಯೊಳಗೆ ನಾಲ್ಕೈದು ಸಾಧು ಕುರಿ ಬಿಟ್ಟು ಶುರು. ನಡುವೆ ಕುರಿ, ಒಂದು ಕಡೆ ನಾನು. ನಾಯಿ ತಾನಾಗಿಯೇ ಸುತ್ತು ಹಾಕಿ ನನ್ನ ಎದುರು ಬದಿಗೆ ಹೋಗಿ, ಕುರಿಗಳನ್ನು ನನ್ನತ್ತ ತರುತ್ತದೆ. ಇದನ್ನು ಕಲಿಸಬೇಕಿಲ್ಲ, ರಕ್ತದಲ್ಲಿದೆ. ನಾನು ಒಂದು ಹೆಜ್ಜೆ ಸರಿದರೆ ಅದೂ ಸರಿಯುತ್ತದೆ. ಗಡಿಯಾರದ ಮುಳ್ಳಿನಂತೆ ಸುತ್ತಲು "ಕಮ್ ಬೈ", ಅದರ ವಿರುದ್ಧಕ್ಕೆ "ಅವೇ". ಈ ಮಾತುಗಳನ್ನು ಸೇರಿಸುವುದು ಆಮೇಲೆ.

ಎಲ್ಲಕ್ಕಿಂತ ಕಷ್ಟ ನಿಲ್ಲಿಸುವುದು. ನಾಯಿ ಕಚ್ಚುವುದು ಬಹಳ ಸಲ ಹತ್ತಿರ ನುಗ್ಗಿದಾಗ. ಮೂಲೆಗೆ ಸಿಕ್ಕ ಕುರಿ ತಿರುಗಿ ನಿಂತರೆ ನಾಯಿಗೂ ದಿಗಿಲಾಗುತ್ತದೆ. ಆಗ ಬಾಯಿ ಹಾಕುತ್ತದೆ. ಅದಕ್ಕೇ ಸುತ್ತು ದೊಡ್ಡದಾಗಬೇಕು, ಕುರಿಗೆ ಜಾಗ ಇರಬೇಕು. ದೂರ ಇರಲು ಕಲಿತ ನಾಯಿಗೆ ಹಲ್ಲು ಬಳಸುವ ಗರಜೇ ಬೀಳುವುದಿಲ್ಲ.

ಒಂದು ದೀಪಾವಳಿಗೆ ಬೆಂಗಳೂರಿನಿಂದ ನೆಂಟರು ಬಂದಿದ್ದರು. ಬಂದ ಕೂಡಲೇ, "ಕಚ್ಚಲ್ವಾ?" ಅರ್ಧ ಗಂಟೆಯಲ್ಲಿ ಅದೇ ಮಾವ ಫೋನ್ ಹಿಡಿದು, "ಸ್ವಲ್ಪ ಜೋರಾಗಿ ಓಡಿಸಮ್ಮ, ವಿಡಿಯೋ ಚೆನ್ನಾಗಿ ಬರುತ್ತೆ" ಅಂದರು. ಮಂದೆಯಲ್ಲಿ ಗಬ್ಬದ ಕುರಿಗಳಿದ್ದವು. ಅಟ್ಟಿಸಿದರೆ ಕಂದು ಹಾಕುತ್ತವೆ, ಗರ್ಭ ನಿಲ್ಲದು. ನಾನು ಚುಕ್ಕಿಯನ್ನು ಕರೆದು ಕಟ್ಟಿಬಿಟ್ಟೆ. ಅವರು ಮುಖ ಊದಿಸಿಕೊಂಡರು, ಊದಿಸಿಕೊಳ್ಳಲಿ. ಕುರಿಯ ಮೇಲಿನ ಕನಿಕರ ಬಾಯಿಮಾತಿನಲ್ಲಿ ಮಾತ್ರ ಇದ್ದರೆ ನನಗೆ ಸಿಟ್ಟು ಬರುತ್ತದೆ.

ರಾಗಿ ಕೊಯ್ಲಾದ ಮೇಲೆ ಕೂಳೆ ಹೊಲದಲ್ಲಿ ಬಿದಿರು ನೆಟ್ಟು ನಮ್ಮದೇ ಟ್ರಯಲ್, ಅಂದರೆ ನಾಯಿ ಕುರಿ ನಡೆಸುವ ಸ್ಪರ್ಧೆ, ಮಾಡುತ್ತೇವೆ. ಬ್ರಿಟನ್ನಿನಲ್ಲಿ ಇದರ ಮೊದಲ ದೊಡ್ಡ ಸ್ಪರ್ಧೆ ನಡೆದದ್ದು 1873ರಲ್ಲಿ, ವೇಲ್ಸ್‌ನ ಬಾಲಾದಲ್ಲಿ. ಅಲ್ಲಿನ ಲೆಕ್ಕದಂತೆ ಒಬ್ಬ ತೀರ್ಪುಗಾರನ ಕೈಯಲ್ಲಿ 100 ಅಂಕ. ದೂರದಿಂದ ಬಳಸಿ ಹೋಗುವುದಕ್ಕೆ 20, ತರುವುದಕ್ಕೆ 20, ನಮ್ಮಿಂದ ಆಚೆಗೆ ನಡೆಸುವುದಕ್ಕೆ 30, ಬೇರ್ಪಡಿಸುವುದಕ್ಕೆ 10, ರೊಪ್ಪಕ್ಕೆ ಸೇರಿಸುವುದಕ್ಕೆ 10. ಉಳಿದ 10 ಅಂಕ ಕುರಿಗಳು ಮೊದಲ ಹೆಜ್ಜೆ ಎತ್ತುವ ಒಂದು ಕ್ಷಣಕ್ಕೆ. ನನಗೆ ಅದೇ ಎಲ್ಲಕ್ಕಿಂತ ಇಷ್ಟ. ನಾಯಿ ನಿಧಾನವಾಗಿ ಬರಬೇಕು, ಕುರಿ ಬೆದರದೆ ಹೊರಡಬೇಕು. ಸುಮ್ನೆ ಕುರಿಗೆ ಬಾಯಿ ಹಾಕಿದ ನಾಯಿ ಮೈದಾನದಿಂದ ಹೊರಗೆ. ನಿಮ್ಮ ಪ್ರಶ್ನೆಗೆ ನಿಯಮದಲ್ಲೇ ಉತ್ತರ ಇದೆ, ಅಲ್ವಾ?

"ನಾಯಿ ಬಂದ ಮೇಲೆ ನಿಮ್ಮ ಕುರಿ ಹೇಗಿವೆ?" ಅಂತ ಯಾರಾದರೂ ಕೇಳಲಿ ಅಂತ ಆಸೆ. ಕೇಳಿದವರು ಒಬ್ಬರೇ, ತೋಟದಲ್ಲಿ ಮಂದೆ ನಿಲ್ಲಿಸಲು ಬಂದ ಒಬ್ಬ ಅಜ್ಜ. ಚುಕ್ಕಿಯನ್ನು ಅವರು ನೋಡಲೇ ಇಲ್ಲ. ಕುರಿ ರೊಪ್ಪಕ್ಕೆ ಸೇರಿದ ಮೇಲೆ ಬೇಲಿ ಹಿಡಿದು ನಿಂತು, ಎಷ್ಟು ಹೊತ್ತಿಗೆ ಮೆಲುಕು ಹಾಕುತ್ತವೆ ಅಂತ ನೋಡಿದರು. ಏದುಸಿರು ಬಿಡುತ್ತಾ ತಲೆ ಎತ್ತಿಕೊಂಡೇ ನಿಂತರೆ ನಾಯಿ ತಪ್ಪು ಮಾಡಿದೆ ಅಂತ ಅರ್ಥ. ಬೇಗ ಮಲಗಿ ಮೆಲುಕು ಹಾಕಿದರೆ ಕೆಲಸ ಚೆನ್ನಾಗಿ ಆಗಿದೆ. ತಾಯಿ ಕುರಿ ಮುಂಗಾಲು ಕುಟ್ಟಿ ನಾಯಿಯ ಎದುರು ನಿಂತರೆ ಜೊತೆಗೆ ಎಳೆ ಮರಿ ಇದೆ, ನಾಯಿಯನ್ನು ಹಿಂದಕ್ಕೆ ಕರೆಯಬೇಕು. ಇಷ್ಟು ಓದಲು ಬಂದರೆ ನಾಯಿ ಕಲಿಸಲು ಅರ್ಧ ಬಂತು.

ನೋಡಬೇಕು ಅನಿಸಿದರೆ ಬೆಳಿಗ್ಗೆ ಬನ್ನಿ. ಬೇಲಿಯ ಹೊರಗೆ ನಿಲ್ಲಿ, ಚುಕ್ಕಿಯನ್ನು ಕರೆಯಬೇಡಿ. ಮರಿ ಹಾಕುವ ಸಮಯದಲ್ಲಿ ಮಾತ್ರ ಬರಬೇಡಿ. ಆಗ ಅವಳನ್ನೂ ಮಂದೆ ಹತ್ತಿರ ಬಿಡುವುದಿಲ್ಲ.