ಏಳನೇ ಕವರಿನ ಬಿಳಿ ಎಳೆ

ಮಂಗಳವಾರ ಬೆಳಿಗ್ಗೆ ಆರೂವರೆ. ಹಿತ್ತಿಲ ಜಗಲಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಕರಿಮೆಣಸಿನ ಕಡ್ಡಿ ನೆಟ್ಟಿದ್ದ ಏಳನೇ ಕವರಿಗೆ ಸುತ್ತಿದ್ದ ಪೇಪರ್ ಬಿಚ್ಚಿ, ಮೊಬೈಲ್ ಟಾರ್ಚ್ ಹಾಕಿದೆ. ಪ್ಲಾಸ್ಟಿಕ್ಕಿನ ಒಳಬದಿಗೆ ಅಂಟಿಕೊಂಡು ಒಂದು ಬಿಳಿ ಎಳೆ ಕಾಣಿಸಿತು. ಹೊಲಿಗೆ ದಾರದಷ್ಟು ದಪ್ಪ, ಕಿರುಬೆರಳಿನ ಅರ್ಧದಷ್ಟು ಉದ್ದ. ಒಂದು ಸಣ್ಣ ಕಲ್ಲು ಅಡ್ಡ ಬಂದಿತ್ತು. ಅದನ್ನು ಬಳಸಿಕೊಂಡು ಕೆಳಗೆ ಇಳಿದಿತ್ತು.

ಅಮ್ಮನನ್ನು ಕರೆದೆ. ಕನ್ನಡಕ ಇಲ್ಲದೆ ಬಂದು ಬಗ್ಗಿ ನೋಡಿದರು.

"ಹುಳ ಅಲ್ಲ ತಾನೆ?"

"ಬೇರು ಅಮ್ಮಾ."

ಅಮ್ಮ ಏನೂ ಹೇಳಲಿಲ್ಲ. ಒಳಗೆ ಹೋಗಿ ಕನ್ನಡಕ ಹಾಕಿಕೊಂಡು ಬಂದು ಇನ್ನೊಮ್ಮೆ ನೋಡಿದರು. ಆಮೇಲೆ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಒಲೆ ಮೇಲೆ ಹಾಲಿಟ್ಟಿದ್ದು ನಮ್ಮಿಬ್ಬರಿಗೂ ನೆನಪಿರಲಿಲ್ಲ.

ಮಾದಾಪುರದ ಹತ್ತಿರ ನಮ್ಮದು ಎರಡೂವರೆ ಎಕರೆ ತೋಟ ಇತ್ತು. ಈ ವರ್ಷ ಮಾರಾಟವಾಯಿತು. ಅದರ ಕಥೆ ಇಲ್ಲಿ ಬೇಡ, ಕೊಡಗಿನಲ್ಲಿ ಇಂಥ ಕಥೆ ಮನೆಮನೆಯಲ್ಲೂ ಇದೆ. ಅಲ್ಲಿ ಮನೆಯ ಹಿಂದಿನ ಹಲಸಿನ ಮರಕ್ಕೆ ಹಬ್ಬಿದ ಒಂದು ಕರಿಮೆಣಸಿನ ಬಳ್ಳಿ ಇತ್ತು. ಅಜ್ಜಿ ಮದುವೆಯಾಗಿ ಬಂದ ವರ್ಷ ಶನಿವಾರಸಂತೆ ಕಡೆಯ ತವರಿನಿಂದ ತಂದದ್ದಂತೆ. ತಳಿ ಯಾವುದು ಅಂತ ಯಾರಿಗೂ ಗೊತ್ತಿಲ್ಲ, ನಾವು ಊರ ಬಳ್ಳಿ ಅಂತಲೇ ಕರೆಯುವುದು. ಕಾಳು ಸಣ್ಣದು, ಕಾಳು ಕಟ್ಟುವ ಗೆರೆಯೂ ಗಿಡ್ಡ. ಆದರೆ ಸಾರಿಗೆ ನಾಲ್ಕು ಕಾಳು ಕುಟ್ಟಿ ಹಾಕಿದರೆ ಪಡಸಾಲೆಗೇ ಘಮ ಬರುತ್ತಿತ್ತು.

2018ರ ಆಗಸ್ಟ್ ಮಳೆ ಆದಮೇಲೆ ನಮ್ಮ ತೋಟದಲ್ಲಿ ಸಾಲು ಸಾಲು ಬಳ್ಳಿ ಸೊರಗಿತು. ಎಲೆ ಕಪ್ಪಾಗಿ ಉದುರಿ, ವಾರದೊಳಗೆ ಗೆಣ್ಣು ಗೆಣ್ಣೇ ಕಳಚಿ ಬೀಳುತ್ತಿದ್ದವು. ಈ ಬಳ್ಳಿ ಮಾತ್ರ ಉಳಿಯಿತು. ಅದಕ್ಕೆ ರೋಗವೇ ಬರುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ಹಲಸಿನ ಮರ ಇರುವುದು ಇಳಿಜಾರಿನಲ್ಲಿ, ಬುಡದಲ್ಲಿ ನೀರು ನಿಲ್ಲುವುದಿಲ್ಲ. ಸೊರಗು ರೋಗಕ್ಕೆ ಬೇಕಾಗುವುದೇ ನಿಂತ ನೀರು. ಕಾರಣ ಏನೇ ಇರಲಿ, ಉಳಿಯಿತಲ್ವಾ.

ಕಡ್ಡಿ ತೆಗೆದುಕೊಳ್ಳುತ್ತೇನೆ ಅಂದಾಗ ದೊಡ್ಡಪ್ಪ ಹೇಳಿದ್ದು ಇಷ್ಟೇ: "ಬಳ್ಳಿ ತಾನೆ ಮಗಾ? ನರ್ಸರಿಗೆ ಹೋಗು, ಪಣಿಯೂರು ಒಂದಲ್ಲ ನೂರು ಸಿಗುತ್ತೆ." ದೊಡ್ಡಪ್ಪ ಕೆಟ್ಟವರಲ್ಲ. ನಲವತ್ತು ವರ್ಷ ಆ ತೋಟದಲ್ಲಿ ಬೆನ್ನು ಬಗ್ಗಿಸಿದವರು ಅವರೇ, ನಾವಲ್ಲ. ಪಣಿಯೂರು ಒಳ್ಳೆ ತಳಿ ಅನ್ನುವುದೂ ನಿಜ. ಆದರೂ ಆ "ತಾನೆ" ನನ್ನೊಳಗೆ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಫೆಬ್ರವರಿಯಲ್ಲಿ ಮೊದಲ ಸಲ ಹನ್ನೆರಡು ಕಡ್ಡಿ ತಂದೆ. ಕೈಗೆ ಸಿಕ್ಕಿದ ಎಳೆ ತುದಿಗಳನ್ನೆಲ್ಲ ಕತ್ತರಿಸಿ, ಕಾರಿನ ಡಿಕ್ಕಿಯಲ್ಲಿಟ್ಟು, ಮಧ್ಯಾಹ್ನದ ಬಿಸಿಲಿನಲ್ಲಿ ಕುಶಾಲನಗರದ ನಮ್ಮ ಮನೆಗೆ ತಂದು, ಬರೀ ಕೆಂಪು ಮಣ್ಣಿನಲ್ಲಿ ನೆಟ್ಟೆ. ದಿನಕ್ಕೆ ಮೂರು ಸಲ ನೀರು. ಎರಡೇ ವಾರಕ್ಕೆ ಮೂರು ಕಡ್ಡಿಗಳಲ್ಲಿ ತಿಳಿಹಸಿರು ಚಿಗುರು ಬಂತು. ಫೋಟೋ ತೆಗೆದು ಮನೆಯವರಿಗೆಲ್ಲ ಕಳಿಸಿದೆ. ಮುಂದಿನ ವಾರ ಆ ಚಿಗುರುಗಳೇ ಮೊದಲು ಬಾಡಿದವು. ಎಳೆದರೆ ಕಡ್ಡಿ ಸಲೀಸಾಗಿ ಕೈಗೆ ಬಂತು. ಬುಡ ಕಪ್ಪು, ಕೊಳೆತ ವಾಸನೆ. ಹನ್ನೆರಡೂ ಹೋದವು. ಆ ದಿನ ರಾತ್ರಿ ಊಟ ಸೇರಲಿಲ್ಲ.

ಸುಂಟಿಕೊಪ್ಪದ ಕಡೆ ಒಬ್ಬರು ನರ್ಸರಿ ಮಾಡುತ್ತಾರೆ, ವಯಸ್ಸಾದವರು. ಅವರ ಹತ್ತಿರ ಹೋಗಿ ಎಲ್ಲ ಹೇಳಿದೆ. ಗಿಡ ಮಾರಿ ಬದುಕುವ ಮನುಷ್ಯ, ಗಿಡ ಮಾಡುವುದನ್ನು ನನಗೆ ಬಿಟ್ಟಿಯಾಗಿ ಹೇಳಿಕೊಟ್ಟರು. ಬುಡದಿಂದ ಹೊರಟು ನೆಲದಲ್ಲಿ ಓಡುವ ಹಬ್ಬು ಬಳ್ಳಿಯನ್ನೇ ತೆಗೆದುಕೊಳ್ಳಬೇಕು. ಎಳೆ ತುದಿಯೂ ಬೇಡ, ಬಲಿತ ಬುಡವೂ ಬೇಡ, ನಡುವಿನ ಭಾಗ. ಒಂದೊಂದು ತುಂಡಿಗೆ ಎರಡು ಮೂರು ಗೆಣ್ಣು. ಎಲೆ ಕತ್ತರಿಸಿ ತೊಟ್ಟು ಮಾತ್ರ ಬಿಡಬೇಕು, ಇಲ್ಲದಿದ್ದರೆ ಬೇರಿಲ್ಲದ ಕಡ್ಡಿ ಎಲೆಗೆ ನೀರು ಎಲ್ಲಿಂದ ತರಬೇಕು? ಒಂದು ಗೆಣ್ಣಾದರೂ ಮಣ್ಣಿನೊಳಗೆ ಇರಲೇಬೇಕು, ಬೇರು ಹೊರಡುವುದು ಅಲ್ಲಿಂದಲೇ. ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೇ ಸಗಣಿ ಗೊಬ್ಬರ. ತಾಯಿ ಬಳ್ಳಿಗೆ 5ರಿಂದ 12 ವರ್ಷ ಆಗಿದ್ದರೆ ಒಳ್ಳೆಯದು ಅಂದರು. ನಮ್ಮದು ಒಮ್ಮೆ ಒಣಗಿದಾಗ ಅದರದ್ದೇ ಕಡ್ಡಿಯಿಂದ ಮತ್ತೆ ನೆಟ್ಟದ್ದು, ಈಗಿನ ಬುಡಕ್ಕೆ ಮೂವತ್ತು ದಾಟಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜಾಸ್ತಿ ಕಡ್ಡಿ ಇಡಿ" ಅಂದರು.

ಹೊರಡುವಾಗ ಹೇಳಿದ ಮಾತು ಇದು: "ಚಿಗುರು ಬಂತು ಅಂತ ಫೋನ್ ಮಾಡ್ಬೇಡಿ. ಬೇರು ಬಂದಾಗ ಮಾಡಿ."

ಕಡ್ಡಿಯಲ್ಲಿ ಒಂದಷ್ಟು ಆಹಾರ ಮೊದಲೇ ಕೂಡಿಟ್ಟಿರುತ್ತದೆ. ಅದನ್ನೇ ಖರ್ಚು ಮಾಡಿ ಎಲೆ ಬಿಡುತ್ತದೆ. ಕೆಳಗೆ ಬೇರು ಇಲ್ಲದಿದ್ದರೆ ಆ ಎಲೆಯೇ ಅದರ ಕೊನೆಯ ಖರ್ಚು.

ರಿಜಿಸ್ಟ್ರೇಷನ್‌ಗೆ ನಾಲ್ಕು ದಿನ ಇರುವಾಗ, ಮಾರ್ಚ್ ಮೊದಲ ವಾರ, ಬೆಳಿಗ್ಗೆ ಬೇಗ ಹೋಗಿ ಕಡ್ಡಿ ತಂದೆ. ಈ ಸಲ ಒದ್ದೆ ಗೋಣಿಯಲ್ಲಿ ಸುತ್ತಿ. ಹದಿನೆಂಟು. ನರ್ಸರಿಯವರು ಕೊಟ್ಟ, ಬೇರು ಬರಿಸುವ ಪುಡಿಗೆ ಬುಡ ಅದ್ದಿ ನೆಟ್ಟೆ. ಕಿತ್ತು ನೋಡುವ ಚಪಲ ನನಗೆ ಇದ್ದೇ ಇದೆ, ಅದಕ್ಕೇ ಕಪ್ಪು ಚೀಲ ಬಿಟ್ಟು ಪಾರದರ್ಶಕ ಕವರಿಗೆ ತೂತು ಮಾಡಿ ನೆಟ್ಟು, ಬೆಳಕು ತಾಗದ ಹಾಗೆ ಹೊರಗೆ ಪೇಪರ್ ಸುತ್ತಿದೆ. ಕುಶಾಲನಗರದ ಬಿಸಿಲಿಗೆ ಮಾದಾಪುರದ ಬಳ್ಳಿ ಹೆದರದಿರಲಿ ಅಂತ ಶೇಡ್ ನೆಟ್, ಅದರೊಳಗೆ ಗಾಳಿಯ ತೇವ ಆರದಿರಲು ಪ್ಲಾಸ್ಟಿಕ್ ಹೊದಿಕೆ. ದಿನಕ್ಕೆ ಒಮ್ಮೆ ತೆರೆದು, ಮಣ್ಣು ಮುಟ್ಟಿ ನೋಡಿ, ಬೇಕಿದ್ದರೆ ಮಾತ್ರ ನೀರು. ಚಿಗುರು ಬಂತು. ಯಾರಿಗೂ ಹೇಳಲಿಲ್ಲ. ಏಳು ಕಡ್ಡಿ ಸತ್ತವು. ಅದನ್ನೂ ಹೇಳಲಿಲ್ಲ.

ಮಂಗಳವಾರದಿಂದ ಇವತ್ತಿನವರೆಗೆ ಆ ಬಿಳಿ ಎಳೆಯನ್ನು ಎಷ್ಟು ಸಲ ನೋಡಿದ್ದೇನೋ. ಬೆಳಕು ಒಳ್ಳೆಯದಲ್ಲ ಅಂತ ಗೊತ್ತಿದ್ದೂ ಪೇಪರ್ ಬಿಚ್ಚುತ್ತೇನೆ, ಎರಡು ಸೆಕೆಂಡ್ ನೋಡಿ ಮುಚ್ಚುತ್ತೇನೆ. ಕಲ್ಲನ್ನು ಬಳಸಿ ಹೋದ ಆ ಬಾಗು ಕಣ್ಣಿಗೆ ಕಟ್ಟಿದೆ.

ಕಾಳು ಬಿತ್ತಿದರೂ ಮೆಣಸು ಹುಟ್ಟುತ್ತದೆ. ಆದರೆ ಅದು ಬೇರೆ ಗಿಡ, ತಾಯಿಯ ಗುಣ ಹಾಗೇ ಬರುತ್ತದೆ ಎನ್ನಲಾಗದು. ಕಡ್ಡಿಯಿಂದ ಬಂದದ್ದು ಹಾಗಲ್ಲ, ಅದು ಅದೇ ಬಳ್ಳಿ. ಅಜ್ಜಿ ತವರಿನಿಂದ ತಂದದ್ದೂ ಕಡ್ಡಿಯೇ. ಅಜ್ಜಿಯ ಅಮ್ಮನೂ ಎಲ್ಲಿಂದಲೋ ಹಾಗೇ ತಂದಿರಬೇಕು. ಮನೆ ಬಿಟ್ಟು ಬಂದ ಹೆಂಗಸರ ಜೊತೆ, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಊರಿಂದೂರಿಗೆ ನಡೆದು ಬಂದ ಒಂದೇ ಬಳ್ಳಿ. ಅಜ್ಜಿ ಯಾವ ಪತ್ರಕ್ಕೂ ಸಹಿ ಹಾಕಿದವರಲ್ಲ, ಅವರ ಹೆಸರಲ್ಲಿ ಒಂದು ಸೆಂಟ್ ಜಾಗವೂ ಇರಲಿಲ್ಲ. ತೋಟ ಅಜ್ಜನದು, ಆಮೇಲೆ ದೊಡ್ಡಪ್ಪ, ಅಪ್ಪ ಇವರದು. ಅಜ್ಜಿಯದು ಅಂತ ಹೇಳಿಕೊಳ್ಳಲು ಇದ್ದದ್ದು ಇದೊಂದೇ. ಕ್ರಯಪತ್ರದಲ್ಲಿ ಕಾಫಿ ಗಿಡದ ಲೆಕ್ಕ ಇತ್ತು, ಸಿಲ್ವರ್ ಮರದ ಲೆಕ್ಕ ಇತ್ತು. ಹಲಸಿನ ಮರದ ಬಳ್ಳಿ ಎಲ್ಲೂ ಇರಲಿಲ್ಲ. ಮೆಟ್ಟಿಲ ಮೇಲೆ ಕೂತ ಅಮ್ಮ ಏನು ಯೋಚಿಸುತ್ತಿದ್ದರು ಅಂತ ನಾನು ಕೇಳಿಲ್ಲ. ಅಮ್ಮನ ಹೆಸರಲ್ಲೂ ಜಾಗ ಇಲ್ಲ.

ನರ್ಸರಿಯವರಿಗೆ ಫೋನ್ ಮಾಡಿದೆ. "ಎಷ್ಟರಲ್ಲಿ ಕಾಣ್ತಿದೆ?" ಕೇಳಿದರು. ಇವತ್ತಿಗೆ ಹನ್ನೊಂದರಲ್ಲಿ ನಾಲ್ಕು ಅಂದೆ. "ಹೊದಿಕೆ ಒಂದೇ ಸಲ ತೆಗೀಬೇಡಿ. ಮೊದಲು ಬೆಳಿಗ್ಗೆ ಅರ್ಧ ಗಂಟೆ, ಆಮೇಲೆ ಒಂದು ಗಂಟೆ" ಅಂದರು. ದೊಡ್ಡಪ್ಪನಿಗೆ ಇನ್ನೂ ಹೇಳಿಲ್ಲ.

ಜೂನ್ ಮಳೆ ಹಿಡಿಯುವಷ್ಟರಲ್ಲಿ ನೆಲಕ್ಕೆ ಇಳಿಸಬೇಕು. ನಮ್ಮ ಹಿತ್ತಿಲಲ್ಲಿ ಬಳ್ಳಿ ಹಬ್ಬಿಸಲು ಒಂದು ತೆಂಗಿನ ಮರ ಬಿಟ್ಟರೆ ಬೇರೆ ಮರ ಇಲ್ಲ. ಭಾನುವಾರ ಸುಂಟಿಕೊಪ್ಪಕ್ಕೆ ಹೋಗಿ ಎರಡು ಹಾಲುವಾಣ ಮರದ ಗೂಟ ತರುತ್ತೇವೆ, ಅಮ್ಮನೂ ಬರುತ್ತಾರಂತೆ. ಮಳೆ ಜೋರಾಗುವ ಮೊದಲು ಅದನ್ನು ಊರಬೇಕು. ಅದೂ ಕಡ್ಡಿಯೇ, ಅದಕ್ಕೂ ಬೇರು ಬರಬೇಕು.