ಮದಕದ ಕೋಡಿ

ಎಣ್ಮಕಜೆ ಕಡೆಯ ನಮ್ಮ ಮನೆಯ ಹಿಂದೆ, ಪಾರೆಯ, ಅಂದರೆ ಬೋಳು ಕಲ್ಲುಹಾಸಿನ, ನೀರೆಲ್ಲ ಇಳಿದುಬರುವ ತಗ್ಗಿನ ಬಾಯಿಗೆ ಹಿರಿಯರು ಮಣ್ಣಿನ ದಂಡೆ ಹಾಕಿ ಮಾಡಿದ ಮದಕವೊಂದಿದೆ, ಮಳೆನೀರು ನಿಲ್ಲುವ ಸಣ್ಣ ಕೆರೆ. ಮೂರು ಕಡೆಗೆ ಗುಡ್ಡೆಯೇ ಗೋಡೆ. ನಾಲ್ಕನೆಯ ಕಡೆ ಮಾತ್ರ ಮನುಷ್ಯರ ಕೆಲಸ. ಕಾಸರಗೋಡಿನಲ್ಲಿ ವರ್ಷಕ್ಕೆ ಸುರಿಯುವ ಸುಮಾರು 3,500 ಮಿಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕೇ ತಿಂಗಳಲ್ಲಿ ಬಂದುಬಿಡುವುದರಿಂದ, ಬೋಳು ಮುರಕಲ್ಲಿನ ಮೇಲಿಂದ ನುಗ್ಗುವ ನೀರನ್ನು ಕೆಲವು ಗಂಟೆಗಳ ಮಟ್ಟಿಗಾದರೂ ತಡೆದು ನಿಧಾನವಾಗಿ ಬಿಡುವ ಈ ದಂಡೆ ಇಲ್ಲದಿದ್ದರೆ ಕೆಳಗಿನ ಅಡಿಕೆ ತೋಟದ ಮಣ್ಣು ಎಂದೋ ತೋಡು ಸೇರುತ್ತಿತ್ತು. ಇಂಗಿದ ನೀರು ಬೇಸಗೆಯಲ್ಲಿ ಬಾವಿಗೂ ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗಕ್ಕೂ ಒದಗುವುದು ಬೇರೆಯೇ ಲಾಭ.

ಮಕ್ಕಳಿಗೆ ಅದು ಈಜುವ ಜಾಗ. ಎರಡು ಒಣ ತೆಂಗಿನಕಾಯಿಗಳನ್ನು ಜೋಡಿಸಿ ಕಟ್ಟಿ, ಅವುಗಳ ಮೇಲೆ ಕವುಚಿ ಬಿದ್ದು ನಾನು ಈಜು ಕಲಿತದ್ದೂ ಅಲ್ಲಿಯೇ. ಆದರೆ ನೆರೆ ತಡೆಯಲು ಮದಕ ಬರಿದಾಗಿರಬೇಕು, ಈಜಲು ತುಂಬಿರಬೇಕು. ಈ ತಕರಾರನ್ನು ತಿಂಗಳು ನೋಡಿ ಬಗೆಹರಿಸಬೇಕೇ ಹೊರತು ದಂಡೆ ನೋಡಿ ಅಲ್ಲ.

ಕೆಲವು ವರ್ಷಗಳ ಹಿಂದೆ ಮಳೆ ಬಿಡುವ ಹೊತ್ತಿಗೆ ಕೋಡಿಗೆ ಮರಳಿನ ಚೀಲಗಳನ್ನಿಟ್ಟು ನೀರನ್ನು ಒಂದಡಿ ಏರಿಸಿದೆವು. ಅರ್ಧ ಎಕರೆಯ ಮದಕದಲ್ಲಿ ಒಂದಡಿ ಎಂದರೆ ಆರು ಲಕ್ಷ ಲೀಟರಿಗೂ ಮಿಕ್ಕಿದ ನೀರು. ಮೇ ತಿಂಗಳಲ್ಲಿ ಚೀಲ ತೆಗೆಯಬೇಕಾದವನು ನಾನು, ಮರೆತೆ.

ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಒಂದು ರಾತ್ರಿ ಬಿಡದೆ ಹೊಯ್ದ ಮಳೆಗೆ ನೀರು ದಂಡೆಯ ನೆತ್ತಿಗೆ ಗೇಣು ಬಾಕಿ ಇರುವಲ್ಲಿವರೆಗೆ ಏರಿತ್ತು. ಮಣ್ಣಿನ ದಂಡೆ ಬುಡದಲ್ಲಿ ಒಸರುವುದು ಸಹಜ. ಒಸರು ತಿಳಿಯಾಗಿದ್ದರೆ ಹೆದರಬೇಕಾಗಿಲ್ಲ. ಅಂದು ಏಡಿ ಬಿಲವೊಂದರಿಂದ ಬೆರಳು ಗಾತ್ರದಲ್ಲಿ ಚಿಮ್ಮುತ್ತಿದ್ದ ನೀರು ಕೆಂಪಗಿತ್ತು, ಅಂದರೆ ದಂಡೆಯ ಒಡಲು ಕರಗಿ ಹೊರಗೆ ಬರುತ್ತಿತ್ತು. ಹೊರಬಾಯಿಗೆ ಜೇಡಿ ತುರುಕಲು ಹೊರಟ ನನ್ನನ್ನು, ತೋಟದ ಕೆಲಸಕ್ಕೆ ಬರುವ ಹಿರಿಯರೊಬ್ಬರು ತಡೆದು, ಮೊದಲು ಹೊಯಿಗೆ (ಮರಳು), ಅದರ ಮೇಲೆ ಜಲ್ಲಿ, ಮತ್ತೆ ಕಲ್ಲು ಹೇರಿಸಿದರು. ನೀರು ಹೋಗಲಿ, ಮಣ್ಣು ನಿಲ್ಲಲಿ ಎಂಬುದು ಅವರ ಲೆಕ್ಕ. ಅಷ್ಟರಲ್ಲಿ ಉಳಿದವರು ಕೋಡಿಯ ಚೀಲಗಳನ್ನು ಒಂದೊಂದಾಗಿ ಎಳೆದು ಹಾಕಿದರು. ಎಲ್ಲವನ್ನೂ ಒಮ್ಮೆಲೇ ಕಿತ್ತಿದ್ದರೆ ಕೆಳಗಿನ ತೋಟಕ್ಕೆ ನಾವೇ ನೆರೆ ತಂದಂತಾಗುತ್ತಿತ್ತು. ಸಂಜೆಯಾಗುವಾಗ ಒಸರು ತಿಳಿಯಾಯಿತು.

ಮುಂದಿನ ಬೇಸಗೆಯಲ್ಲಿ ಬಿಲವನ್ನು ಅಗೆದು ಜೇಡಿ ಹಾಕಿ ಪದರ ಪದರವಾಗಿ ಗುದ್ದಿಸಿ, ದಂಡೆಯ ಮೇಲೆದ್ದಿದ್ದ ಗಿಡಗಳನ್ನು ಮರವಾಗುವ ಮೊದಲೇ ಕಿತ್ತು ಲಾವಂಚ ನೆಟ್ಟೆವು. ಕೋಡಿ ಹಳೆಯ ಮಟ್ಟದಲ್ಲೇ ಇದೆ. ಜನವರಿಗೆಲ್ಲ ನೀರು ಸೊಂಟಮಟ್ಟಕ್ಕೆ ಇಳಿಯುತ್ತದೆಂದು ಮಕ್ಕಳ ದೂರು ಮಾತ್ರ ಇನ್ನೂ ನಿಂತಿಲ್ಲ.