ನಿಮ್ಮ ಕಡೆಗೆ ಯಾವ ಪ್ರವಾದಿ ಬಂದಿದ್ದರು?

ಜೋರ್ಡಾನಿನ ಅಮ್ಮಾನ್‌ಗೆ ಬಂದ ಮೊದಲ ಡಿಸೆಂಬರ್. ಚಳಿ ಜೋರಾಗಿತ್ತು. ಮಗಳ ಶಾಲೆಯಲ್ಲಿ ಕ್ರಿಸ್ಮಸ್ ನಾಟಕ, ಅವಳಿಗೆ ಮೇರಿಯ ಪಾತ್ರ. ನೀಲಿ ಶಾಲು ಹೊದ್ದು ಮೆಟ್ಟಿಲು ಇಳಿಯುತ್ತಿದ್ದವಳನ್ನು ಕೆಳಗಿನ ಮನೆಯ ಅಜ್ಜಿ ನಿಲ್ಲಿಸಿ, ಯಾರ ವೇಷ ಎಂದು ಕೇಳಿದರು. ‘ಮರ್ಯಮ್’ ಎಂದಳು ಮಗಳು. ಅಜ್ಜಿಯ ಮುಖ ಅರಳಿತು. ಬಾಗಿಲ ಚೌಕಟ್ಟು ಹಿಡಿದು, ಕಣ್ಣು ಮುಚ್ಚಿ, ಅರಬ್ಬಿಯಲ್ಲಿ ರಾಗವಾಗಿ ಓದತೊಡಗಿದರು.

ನನಗೆ ಗಲಿಬಿಲಿ. ಅಜ್ಜಿ ಐದು ಹೊತ್ತಿನ ನಮಾಜು ತಪ್ಪಿಸದವರು. ಕ್ರಿಸ್ಮಸ್ ನಾಟಕದ ಮೇರಿಗೂ ಇವರಿಗೂ ಏನು ಸಂಬಂಧ?

ಅವರು ಓದಿದ್ದು ಕುರ್‌ಆನಿನ 19ನೇ ಅಧ್ಯಾಯ. ಅದರ ಹೆಸರೇ ‘ಮರ್ಯಮ್’. ಇಡೀ ಕುರ್‌ಆನಿನಲ್ಲಿ ಹೆಸರು ಹಿಡಿದು ಹೇಳಿರುವ ಹೆಂಗಸು ಅವರೊಬ್ಬರೇ. ಅಲ್ಲಿ ಬರುವ ಕತೆ ನಾವು ಶಾಲೆಯ ನಾಟಕದಲ್ಲಿ ನೋಡುವಂಥದ್ದಲ್ಲ. ದನದ ಕೊಟ್ಟಿಗೆ ಇಲ್ಲ, ಜೋಸೆಫ್ ಇಲ್ಲ, ಕುರುಬರೂ ಇಲ್ಲ. ಮರ್ಯಮ್ ಒಬ್ಬಂಟಿ. ಹೆರಿಗೆ ನೋವು ಅವರನ್ನು ಒಂದು ಖರ್ಜೂರದ ಮರದ ಬುಡಕ್ಕೆ ತಂದು ನಿಲ್ಲಿಸುತ್ತದೆ. ಇದಕ್ಕಿಂತ ಮೊದಲೇ ಸತ್ತುಹೋಗಿದ್ದರೆ ಚೆನ್ನಾಗಿತ್ತು ಎಂದು ನರಳುತ್ತಾರೆ. ಆಗ ಕೆಳಗಿನಿಂದ ಒಂದು ದನಿ. ದುಃಖ ಪಡಬೇಡ, ನಿನ್ನ ಕಾಲಡಿಯಲ್ಲೇ ನೀರು ಹರಿಯುತ್ತಿದೆ, ಮರ ಅಲುಗಿಸು, ಹಣ್ಣು ಉದುರುತ್ತವೆ, ತಿನ್ನು, ಕುಡಿ. ಎರಡು ಹೆರಿಗೆ ಕಂಡವಳು ನಾನು. ಹೆರುವವಳ ಹಸಿವು ಬಾಯಾರಿಕೆಯನ್ನು ಒಂದು ಧರ್ಮಗ್ರಂಥ ಹೀಗೆ ವಿಚಾರಿಸಿಕೊಂಡಿದೆಯಲ್ಲ ಎಂದು ಕಣ್ಣು ತುಂಬಿತು.

ಕೂಸನ್ನು ಎತ್ತಿಕೊಂಡು ಬಂದ ಮರ್ಯಮರನ್ನು ಜನ ಬಾಯಿಗೆ ಬಂದಂತೆ ಅನ್ನುತ್ತಾರೆ. ಆಗ ತೊಟ್ಟಿಲ ಕೂಸೇ ಮಾತಾಡುತ್ತದೆ. ನಾನು ದೇವರ ದಾಸ, ಅವನು ನನಗೆ ಗ್ರಂಥ ಕೊಟ್ಟಿದ್ದಾನೆ, ನನ್ನನ್ನು ಪ್ರವಾದಿ ಮಾಡಿದ್ದಾನೆ ಎನ್ನುತ್ತದೆ. ಮಗ ಎನ್ನುವುದಿಲ್ಲ, ದಾಸ ಎನ್ನುತ್ತದೆ. ಯೇಸುವನ್ನು ಇವರು ಅಷ್ಟು ಗೌರವದಿಂದ ಕಂಡೂ ಕ್ರೈಸ್ತರಾಗದೆ ಉಳಿದಿರುವುದು ಇಲ್ಲೇ.

ಊರಲ್ಲಿದ್ದಾಗ ನಾನೂ ಎಲ್ಲರಂತೆ, ಇಸ್ಲಾಂ ಅಂದರೆ 7ನೇ ಶತಮಾನದಲ್ಲಿ ಮುಹಮ್ಮದರು ಸ್ಥಾಪಿಸಿದ ಧರ್ಮ ಅಂದುಕೊಂಡಿದ್ದೆ. ಇಲ್ಲಿನವರಿಗೆ ‘ಸ್ಥಾಪಿಸಿದ’ ಎನ್ನುವ ಮಾತೇ ಸರಿ ಬರುವುದಿಲ್ಲ. ಅವರ ಪ್ರಕಾರ ಮೊದಲ ಮನುಷ್ಯ ಆದಮರೇ ಮೊದಲ ಪ್ರವಾದಿ. ಒಬ್ಬನೇ ದೇವರಿಗೆ ಶರಣಾಗಿ ಎನ್ನುವ ಅದೇ ಮಾತನ್ನು ನೂಹ್, ಇಬ್ರಾಹೀಮ್, ಮೂಸಾ, ದಾವೂದ್, ಈಸಾ ಎಲ್ಲರೂ ಹೇಳಿದರು. ನೂಹ್ ಎಂದರೆ ಬೈಬಲ್ಲಿನ ನೋಹ, ಈಸಾ ಎಂದರೆ ಯೇಸು. ಕುರ್‌ಆನಿನಲ್ಲಿ 25 ಪ್ರವಾದಿಗಳ ಹೆಸರಿದೆ. ಮುಹಮ್ಮದ್ ಎಂಬ ಹೆಸರು ಬರುವುದು 4 ಸಲ. ಮೂಸಾ ಎಂಬ ಹೆಸರು 100ಕ್ಕಿಂತ ಜಾಸ್ತಿ ಸಲ! ಪ್ರವಾದಿಗಳಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ನಾವು ಭೇದ ಮಾಡುವುದಿಲ್ಲ ಎನ್ನುವುದು ಅವರ ನಂಬಿಕೆಯ ಭಾಗ. ಮೂಸಾರನ್ನೋ ಈಸಾರನ್ನೋ ಒಪ್ಪದವನು ಮುಸ್ಲಿಮನೇ ಅಲ್ಲ. ಮುಹಮ್ಮದರು ಇದನ್ನು ಒಂದು ಮನೆಗೆ ಹೋಲಿಸಿದ್ದರಂತೆ. ಚೆಂದದ ಮನೆ, ಮೂಲೆಯಲ್ಲಿ ಒಂದು ಇಟ್ಟಿಗೆಯ ಜಾಗ ಮಾತ್ರ ಖಾಲಿ. ಆ ಇಟ್ಟಿಗೆ ನಾನು, ನಾನೇ ಕೊನೆಯವನು ಎಂದರಂತೆ.

ಅಜ್ಜಿ ಯಾರನ್ನೂ ಬರೀ ಹೆಸರಿನಿಂದ ಕರೆಯುವುದಿಲ್ಲ. ‘ಸಯ್ಯಿದ್ನಾ ಮೂಸಾ’, ‘ಸಯ್ಯಿದ್ನಾ ಈಸಾ’ ಎನ್ನುತ್ತಾರೆ, ನಮ್ಮ ಒಡೆಯ ಮೂಸಾ ಅಂದ ಹಾಗೆ. ಹಿಂದೆಯೇ ‘ಅಲೈಹಿಸ್ಸಲಾಮ್’, ಅವರಿಗೆ ಶಾಂತಿ ಇರಲಿ. ಪ್ರತಿ ನಮಾಜಿನ ಕೊನೆಗೂ ಇಬ್ರಾಹೀಮರ ಹೆಸರು ಬರುತ್ತದೆ. ನಮ್ಮೂರಲ್ಲೂ ಇಬ್ರಾಹಿಂ, ಮೂಸಾ, ಯೂಸುಫ್, ದಾವೂದ್ ಎಂಬ ಹೆಸರಿನವರು ಎಷ್ಟೊಂದು ಜನ ಅಲ್ವಾ? ಅವು ಬೈಬಲ್ಲಿನ ಅಬ್ರಹಾಂ, ಮೋಶೆ, ಜೋಸೆಫ್, ಡೇವಿಡ್ ಹೆಸರುಗಳೇ ಎಂದು ನನಗೆ ಹೊಳೆದೇ ಇರಲಿಲ್ಲ. ವಿಜಯಪುರದ ಇಬ್ರಾಹಿಂ ರೋಜಾದ ಮುಂದೆ ನಿಂತು ಫೋಟೊ ತೆಗೆಸಿಕೊಂಡಾಗಲೂ ಹೊಳೆದಿರಲಿಲ್ಲ.

ಗ್ರಂಥಗಳ ವಿಷಯ ಇಷ್ಟು ಸಲೀಸಲ್ಲ. ಅದನ್ನು ಬಿಡಿಸಿ ಹೇಳಿದ್ದು ಅಜ್ಜಿಯ ಮಗಳು. ಅವರು ಶಾಲೆಯಲ್ಲಿ ಧರ್ಮದ ಪಾಠ ಮಾಡುವವರು. ಮೂಸಾರಿಗೆ ತೌರಾತ್, ದಾವೂದರಿಗೆ ಝಬೂರ್, ಈಸಾರಿಗೆ ಇಂಜೀಲ್ ಇಳಿಯಿತು. ಇವೆಲ್ಲ ದೇವರಿಂದಲೇ ಬಂದವು. ಈ ಹಿಂದಿನ ಗ್ರಂಥಗಳ ಮುಂದೆ ಕುರ್‌ಆನ್ ತನ್ನನ್ನು ಎರಡು ಪದಗಳಲ್ಲಿ ಕರೆದುಕೊಳ್ಳುತ್ತದೆ. ‘ಮುಸದ್ದಿಕ್’, ಹಿಂದಿನದು ನಿಜ ಎಂದು ರುಜು ಹಾಕುವಂಥದ್ದು. ‘ಮುಹೈಮಿನ್’, ಅದರ ಮೇಲೆ ಕಾವಲು ನಿಂತು ಯಾವುದು ಸರಿ ಎಂದು ಹೇಳುವಂಥದ್ದು. ಒಪ್ಪುವುದೂ ಇದೆ, ತಿದ್ದುವುದೂ ಇದೆ. ಹಿಂದಿನ ಗ್ರಂಥಗಳು ಕಾಲ ಕಳೆದಂತೆ ಕೆಟ್ಟವು ಎನ್ನುವುದಕ್ಕೆ ‘ತಹ್ರೀಫ್’ ಎನ್ನುತ್ತಾರೆ. ಎಷ್ಟು ಕೆಟ್ಟವು ಎನ್ನುವುದರಲ್ಲಿ ಅವರ ಪಂಡಿತರಲ್ಲೇ ಒಮ್ಮತ ಇಲ್ಲ. ಬರಹವೇ ಬದಲಾಯಿತು ಎನ್ನುವವರಿದ್ದಾರೆ. ಬರಹ ಇದ್ದ ಹಾಗೇ ಇದೆ, ಅರ್ಥ ತಿರುಚಿದರು ಎನ್ನುವವರೂ ಇದ್ದಾರೆ. ಇಂಜೀಲ್ ಎಂದರೆ ಮತ್ತಾಯ, ಮಾರ್ಕ, ಲೂಕ, ಯೋಹಾನರ ನಾಲ್ಕು ಸುವಾರ್ತೆಗಳಲ್ಲ. ಈಸಾರಿಗೇ ನೇರವಾಗಿ ಇಳಿದ ಒಂದು ಗ್ರಂಥ ಎಂಬುದು ಅವರ ತಿಳಿವಳಿಕೆ.

ಶಿಲುಬೆಯ ಮಾತು ಬಂದರಂತೂ ದಾರಿ ಪೂರ್ತಿ ಬೇರೆ. ಈಸಾರನ್ನು ಕೊಲ್ಲಲಿಲ್ಲ, ಶಿಲುಬೆಗೆ ಏರಿಸಲೂ ಇಲ್ಲ, ಜನರಿಗೆ ಹಾಗೆ ಕಂಡಿತು ಅಷ್ಟೇ ಎನ್ನುತ್ತದೆ ಕುರ್‌ಆನ್. ಇದನ್ನು ನಾನು ಮಾದಬಾದಿಂದ ಬರುವ ಕ್ರೈಸ್ತ ಗೆಳತಿಯ ಹತ್ತಿರ ಹೇಳಿದೆ. ಅವಳ ಊರಿನ ಚರ್ಚಿನ ನೆಲದಲ್ಲಿ 6ನೇ ಶತಮಾನದ ಭೂಪಟ ಇದೆ. ಬಣ್ಣದ ಕಲ್ಲುಚೂರು ಜೋಡಿಸಿ ಜೆರುಸಲೇಮ್, ಸತ್ತ ಸಮುದ್ರ ಎಲ್ಲ ಬಿಡಿಸಿದ್ದಾರೆ. ಅದೇ ಊರಿನಲ್ಲಿ ಯೇಸುವಿನ ಹೆಸರಿನ ಮಸೀದಿಯೂ ಇದೆ. ಅವಳು ಸ್ವಲ್ಪ ಹೊತ್ತು ಸುಮ್ನೆ ಇದ್ದಳು. ‘ಅವರು ನಮ್ಮ ಯೇಸುವನ್ನು ಪ್ರೀತಿಸುತ್ತಾರೆ, ಗೊತ್ತು. ಆದರೆ ಶಿಲುಬೆ ಇಲ್ಲದಿದ್ದರೆ ನನಗೆ ಏನೂ ಉಳಿಯುವುದಿಲ್ಲ’ ಎಂದಳು. ಎಲ್ಲ ಧರ್ಮವೂ ಒಂದೇ ಬಿಡಿ ಎಂದು ಅಂದುಬಿಡುವುದು ನಮಗೆ ರೂಢಿ. ಅಂದಿನಿಂದ ಆ ಮಾತು ಆಡುವುದನ್ನು ನಾನು ಬಿಟ್ಟಿದ್ದೇನೆ. ಅಜ್ಜಿಗೂ ಅದು ಅನ್ಯಾಯ, ಇವಳಿಗೂ ಅನ್ಯಾಯ.

ಈ ದೇಶದಲ್ಲಿ ಪ್ರವಾದಿಗಳು ಊರು ಕೇರಿಯಲ್ಲೇ ಸಿಗುತ್ತಾರೆ. ಪೆಟ್ರಾದ ಹತ್ತಿರದ ಬೆಟ್ಟದ ತುದಿಯಲ್ಲಿ ಮೂಸಾರ ಅಣ್ಣ ಹಾರೂನರ ಬಿಳಿ ಗೋರಿ. ಸಾಲ್ಟ್ ಊರಿನಿಂದ ಇಳಿಯುವ ಕಣಿವೆಯಲ್ಲಿ ಶುಐಬರ ಗೋರಿ. ಶುಐಬರು ವ್ಯಾಪಾರಿಗಳಿಗೆ, ಅಳತೆ ತೂಕದಲ್ಲಿ ಮೋಸ ಮಾಡಬೇಡಿ ಎಂದು ಹೇಳಲು ಬಂದವರು. ನನ್ನ ಮನಸ್ಸಿಗೆ ಹತ್ತಿರವಾದದ್ದು ಅಮ್ಮಾನಿನ ಅಂಚಿನಲ್ಲಿರುವ ರಜೀಬಿನ ಗುಹೆ. ದೇವರ ಮೇಲಿನ ನಂಬಿಕೆ ಬಿಡಲಾರದೆ ಓಡಿಬಂದ ಹುಡುಗರು ಮಲಗಿ, 309 ವರ್ಷದ ಮೇಲೆ ಎದ್ದರು ಎನ್ನುವ ಕತೆಯ ಗುಹೆ. ಕ್ರೈಸ್ತರು ಇದನ್ನು ಎಫೆಸಸ್ ಊರಿನ ಕತೆಯಾಗಿ ಮೊದಲಿನಿಂದಲೂ ಹೇಳುತ್ತಿದ್ದರು. ಕುರ್‌ಆನ್ ಊರಿನ ಹೆಸರು ಹೇಳುವುದಿಲ್ಲ. ಮೂವರು, ನಾಲ್ಕನೆಯದು ನಾಯಿ ಎನ್ನುವರು. ಐವರು, ಆರನೆಯದು ನಾಯಿ ಎನ್ನುವರು. ಏಳು ಮಂದಿ, ಎಂಟನೆಯದು ನಾಯಿ ಎನ್ನುವರು. ಎಷ್ಟು ಮಂದಿ ಎಂದು ದೇವರಿಗೇ ಚೆನ್ನಾಗಿ ಗೊತ್ತು ಎಂದು ಮುಂದೆ ಹೋಗುತ್ತದೆ. ಕೇಳುವವರಿಗೆ ಕತೆ ಮೊದಲೇ ಗೊತ್ತಿದೆ ಎನ್ನುವ ಧಾಟಿ ಇದು. ಹಳೆಯ ಪ್ರವಾದಿಗಳ ಕತೆಗಳೂ ಹೆಚ್ಚಾಗಿ ಹೀಗೇ ತುಂಡು ತುಂಡಾಗಿ ಬರುತ್ತವೆ. ಯೂಸುಫರದ್ದು ಮಾತ್ರ ಒಂದೇ ಅಧ್ಯಾಯದಲ್ಲಿ ಮೊದಲಿನಿಂದ ಕೊನೆಯವರೆಗೆ ಇದೆ.

ಹೋದ ತಿಂಗಳು ಅಜ್ಜಿ ಮರಮಿಯ್ಯಾ ಎಲೆ ಹಾಕಿದ ಚಹಾ ಕೊಟ್ಟು ಕೂರಿಸಿಕೊಂಡು ಕೇಳಿದರು, ‘ನಿಮ್ಮ ಕಡೆಗೆ ಯಾವ ಪ್ರವಾದಿ ಬಂದಿದ್ದರು?’

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅಜ್ಜಿಗೆ ಅದರಲ್ಲಿ ಅನುಮಾನವೇ ಇರಲಿಲ್ಲ. ಪ್ರತಿ ಜನಾಂಗಕ್ಕೂ ದೇವರು ಒಬ್ಬ ದೂತನನ್ನು ಕಳಿಸಿದ್ದಾನೆ, ಕೆಲವರ ಕತೆ ಮಾತ್ರ ನಮಗೆ ಹೇಳಿದ್ದಾನೆ, ಉಳಿದವರದ್ದು ಹೇಳಿಲ್ಲ, ಪ್ರತಿಯೊಬ್ಬರೂ ತಮ್ಮ ಜನರ ಭಾಷೆಯಲ್ಲೇ ಮಾತಾಡಿದರು ಎಂದರು. ನಾನು ಅರೆಬರೆ ಅರಬ್ಬಿಯಲ್ಲಿ ಬಸವಣ್ಣನವರ ಬಗ್ಗೆ ಹೇಳಿದೆ. ಒಬ್ಬನೇ ದೇವರು ಎಂದರು, ಜಾತಿ ಬೇಡ ಎಂದರು, ಎಲ್ಲರಿಗೂ ತಿಳಿಯುವ ಕನ್ನಡದಲ್ಲೇ ಹೇಳಿದರು ಎಂದೆ. ಅಜ್ಜಿ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ‘ಯಾವ ಕಾಲದವರು?’ ಎಂದರು. 12ನೇ ಶತಮಾನ ಎಂದೆ. ಅವರು ಮೆಲ್ಲಗೆ ತಲೆಯಾಡಿಸಿದರು. ‘ಹಾಗಾದರೆ ನಬಿ, ಅಂದರೆ ಪ್ರವಾದಿ, ಅಲ್ಲ ಮಗಳೇ. ಸಯ್ಯಿದ್ನಾ ಮುಹಮ್ಮದರ ನಂತರ ನಬಿ ಇಲ್ಲ. ಒಳ್ಳೆಯ ಮನುಷ್ಯ, ಸಾಲಿಹ್. ಅವರಿಗಿಂತ ಹಿಂದೆ ಯಾರು?’

ನನ್ನಲ್ಲಿ ಉತ್ತರ ಇರಲಿಲ್ಲ. ಅಜ್ಜಿ ನನ್ನ ಲೋಟಕ್ಕೆ ಇನ್ನಷ್ಟು ಚಹಾ ಸುರಿದರು. ಬಂದಿರಲೇಬೇಕು, ಹೆಸರು ಮರೆತಿದ್ದೀರಿ ಅಷ್ಟೇ ಎಂದರು. ಬಂದಿದ್ದರೆ, ಹಳಗನ್ನಡಕ್ಕೂ ಹಿಂದಿನ ಯಾವ ಕನ್ನಡದಲ್ಲಿ ಮಾತಾಡಿರಬಹುದು ಎಂದುಕೊಳ್ಳುತ್ತಾ ಮೆಟ್ಟಿಲು ಹತ್ತಿದೆ.